ದಿನಾ ಅದೇ ಹೊಂಗೆ ಮರದ ಹತ್ತಿರ ಕಾಲು ನಿಂತುಬಿಡುತ್ತೆ, ಏನು ಮಾಡಲಿ?

ಕೆರೆಏರಿ (ದಾವಣಗೆರೆ):

ಎಲ್ಲರಿಗೂ ನಮಸ್ಕಾರ. ನನಗೀಗ 42. ಇಲ್ಲೇ ಒಂದು ಸಹಕಾರಿ ಸಂಘದಲ್ಲಿ ಲೆಕ್ಕಪತ್ರ ನೋಡ್ಕೊತೀನಿ. ಬೆಳಗ್ಗೆ ಹತ್ತರಿಂದ ಸಂಜೆ ಆರರ ತನಕ ಕುರ್ಚಿನೇ. ಜೂನ್‌ನಲ್ಲಿ ಕುಂದವಾಡ ಕೆರೆ ಹತ್ರ ನಡೆಯೋಕೆ ಶುರು ಮಾಡಿದೆ. ಎರಡು ತಿಂಗಳು ನಡೆದ ಮೇಲೆ ಓಡಬೇಕು ಅನ್ನೋ ಆಸೆ ಹುಟ್ಟಿತು. ಐದು ಕಿಲೋಮೀಟರ್, ನಿಲ್ಲದೆ. ಅಷ್ಟೇ ನನ್ನ ಗುರಿ.

ಗೇಟಿನಿಂದ ಓಡೋಕೆ ಶುರು ಮಾಡ್ತೀನಿ. ಸುಮಾರು 600 ಮೀಟರ್ ದೂರದಲ್ಲಿ ಒಂದು ಹೊಂಗೆ ಮರ ಇದೆ. ಅಲ್ಲಿಗೆ ಬಂದರೆ ಮುಗೀತು. ಎದೆ ಡವಡವ, ಬಾಯಿ ಒಣಗುತ್ತೆ, ನಿಂತುಬಿಡ್ತೀನಿ. ಮೋಡ ಇದ್ದ ದಿನ ನಿಧಾನಕ್ಕೆ ಓಡಿದರೂ ಅಲ್ಲೇ, ಹುರುಪಲ್ಲಿ ಜೋರಾಗಿ ಓಡಿದರೂ ಅಲ್ಲೇ. ಐದು ವಾರ ಆಯ್ತು.

ಮರ ಕಣ್ಣಿಗೆ ಬೀಳ್ತಿದ್ದ ಹಾಗೆ ಒಳಗೊಂದು ದನಿ ಏಳುತ್ತೆ: 'ನೀನು ಬೇಡಮ್ಮ, ನೀನು ಸ್ಕೋರ್ ಬರಿ.' ಎಂಟನೇ ಕ್ಲಾಸಲ್ಲಿ ಖೋ ಖೋ ತಂಡ ಮಾಡುವಾಗ ಪಿ.ಟಿ. ಮೇಷ್ಟ್ರು ನನ್ನನ್ನು ಮೇಲಿಂದ ಕೆಳಗೆ ನೋಡಿ ಹೇಳಿದ್ದು ಅದು. ಎಸ್ಸೆಸ್ಸೆಲ್ಸಿ ಮುಗಿಯೋ ತನಕ ಮೂರು ವರ್ಷ ಆ ಪುಸ್ತಕ ನನ್ನ ಕೈಲೇ ಇತ್ತು. ಯಾರು ಎಷ್ಟು ಜನರನ್ನ ಔಟ್ ಮಾಡಿದ್ರು ಅಂತ ಇವತ್ತಿಗೂ ನೆನಪಿದೆ. ಈ ಕಂಬದಿಂದ ಆ ಕಂಬಕ್ಕೆ ನಾನು ಮಾತ್ರ ಒಂದು ಸಲಾನೂ ಓಡಲಿಲ್ಲ. ಅಮ್ಮನೂ ಅದನ್ನೇ ಹೇಳ್ತಾಳೆ, 'ನಮ್ಮ ಮನೆ ಹೆಣ್ಮಕ್ಕಳ ಮೈಕಟ್ಟೇ ಇಷ್ಟು ಬಿಡು' ಅಂತ.

ನಿಜಕ್ಕೂ ನನ್ನ ಮೈಯಲ್ಲಿ ಆಗಲ್ಲವೋ, ನಾನೇ ಆಗಲ್ಲ ಅಂದ್ಕೊಂಡಿದ್ದೀನೋ? ಇದನ್ನ ತಿಳಿಯೋದು ಹೇಗೆ?

ದುರ್ಗದಕಲ್ಲು (ಚಿತ್ರದುರ್ಗ):

ಅಕ್ಕಾ, ಮನಸ್ಸಿನ ಮಾತಿಗೆ ಬರೋಕೆ ಮುಂಚೆ ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್, ಥೈರಾಯ್ಡ್ ಎರಡೂ. ಓಡುವಾಗ ಎದೆ ಹಿಡಿದ ಹಾಗಾದರೆ, ಕಣ್ಣು ಕತ್ತಲೆ ಬಂದರೆ ಮೊದಲು ಡಾಕ್ಟರ ಹತ್ರ ಹೋಗಿ, ಓಟ ಆಮೇಲೆ.

ನಾನು ಲ್ಯಾಬ್‌ನಲ್ಲಿ ಕೆಲಸ ಮಾಡೋಳು. ದಿನಾ ಊರವರ ರಕ್ತ ತೆಗೀತೀನಿ, ನನ್ನದು ತೆಗೆಸಿಕೊಂಡಿರಲಿಲ್ಲ. ಭಾನುವಾರ ಮಗನ ಜೊತೆ ಕೋಟೆ ಹತ್ತಿದರೆ ಸಂಪಿಗೆ ಸಿದ್ದೇಶ್ವರ ಗುಡಿ ಮುಂದೆ ಕೂತುಬಿಡ್ತಿದ್ದೆ. ಅವನು ಗೋಪಾಲಸ್ವಾಮಿ ಹೊಂಡದ ತನಕ ಒಬ್ಬನೇ ಹೋಗಿ ಬರ್ತಿದ್ದ. ಮೂರು ವರ್ಷ ನನ್ನನ್ನ ನಾನೇ ಸೋಮಾರಿ ಅಂತ ಬೈಕೊಂಡೆ. ಕೊನೆಗೆ ನೋಡಿಸಿದರೆ ಹಿಮೋಗ್ಲೋಬಿನ್ 8.4! ಹೆಂಗಸರಿಗೆ 12ಕ್ಕಿಂತ ಕಮ್ಮಿ ಇದ್ದರೆ ರಕ್ತಹೀನತೆ. ಉಸಿರು ಬರೋದಾದ್ರೂ ಎಲ್ಲಿಂದ?

ಡಾಕ್ಟರು ಕಬ್ಬಿಣದ ಮಾತ್ರೆ ಕೊಟ್ಟರು. ಮಾತ್ರೆ ನುಂಗಿದ ತಕ್ಷಣ ಟೀ ಕುಡಿಯೋ ಅಭ್ಯಾಸ ಬಿಡಿಸಿದರು, ಟೀ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತಲ್ಲ. ಐದು ತಿಂಗಳಿಗೆ 12 ದಾಟಿತು. ಆದರೆ ಇದನ್ನ ಕೇಳಿ. ರಕ್ತ ಸರಿಹೋದ ಮೇಲೂ ಆ ಗುಡಿ ಮುಂದೆ ಬಂದ ಕೂಡಲೇ ಕಾಲು ತಾನಾಗೇ ಕಟ್ಟೆ ಕಡೆ ತಿರುಗ್ತಿತ್ತು. ಮಗನೂ 'ಅಮ್ಮ, ಕೂತ್ಕೋ' ಅಂದ. ಅವತ್ತು ನನಗೆ ಅಳು ಬಂತು. ನನ್ನ ಬಗ್ಗೆ ಅವನೂ ಅದನ್ನೇ ಕಲಿತುಬಿಟ್ಟಿದ್ದ. ಕೂರದೆ ಅವನ ಕೈ ಹಿಡ್ಕೊಂಡು ಮುಂದಕ್ಕೆ ನಡೆದೆ.

ಕೆಮ್ಮಣ್ಣು63 (ಹಳೇ ದಾವಣಗೆರೆ):

ತಂಗೀ, ನಾನು ಗರಡಿಯಾಗ ಬೆಳೆದವ. ಮೊದಲನೇ ವರ್ಷ ಬಸ್ಕಿ ಹೊಡೆಯುವಾಗ ಐವತ್ತಕ್ಕೆ ಬಂದ್ರ ತೊಡೆ ನಡುಗಿ ಕೂತುಬಿಡ್ತಿದ್ದೆ. ನಲವತ್ತೆಂಟಕ್ಕಲ್ಲ, ಐವತ್ಮೂರಕ್ಕಲ್ಲ, ಸರಿಯಾಗಿ ಐವತ್ತಕ್ಕ. ಉಸ್ತಾದರು ಇದನ್ನ ಒಂದು ವಾರ ನೋಡಿದ್ರು. ಒಂದಿನ ನನ್ನ ಗ್ವಾಡಿ ಕಡೆ ಮುಖ ಮಾಡಿ ನಿಲ್ಲಿಸಿ, 'ನೀ ಎಣಿಸಬ್ಯಾಡ' ಅಂದ್ರು. ಹಿಂದೆ ಕೂತು ಒಂದೊಂದು ಬಸ್ಕಿಗೆ ಒಂದೊಂದು ಜೋಳದ ಕಾಳು ತಟ್ಟೆಗೆ ಹಾಕಿದ್ರು. ಟಕ್, ಟಕ್ ಅಂತ ಆ ಸದ್ದು ಇವತ್ತಿಗೂ ಕಿವಿಯಾಗೈತಿ. ನಾ ಸೋತು ಕೂತ ಮ್ಯಾಲೆ ಎಣಿಸಿದ್ರ 71 ಕಾಳು.

ಮರುದಿನ ನಾನೇ ಎಣಿಸಿದೆ, ಮತ್ತೆ 54ಕ್ಕೆ ನಿಂತೆ. ಅದು ಒಂದು ಸಲಕ್ಕೆ ಹೋಗಂಗಿಲ್ಲ, ಅದಕ್ಕ ಬೇಜಾರಾಗಬ್ಯಾಡ್ರಿ.

ಮೈ ಖರೇ ಸೋತಿದ್ರ ಒಂದೊಂದು ದಿನ ಒಂದೊಂದು ಕಡೆ ಸೋಲತೈತಿ. ದಿನಾ ಹುಡುಕ್ಯಾಡಿ ಅದೇ ಮರದ ಬುಡಕ್ಕ ಬಂದು ಸೋಲಂಗಿಲ್ಲ. ನಾಳೆ ಗೇಟಿನಿಂದ ಶುರು ಮಾಡಬ್ಯಾಡ್ರಿ. ಮರದ ತನಕ ಆರಾಮಾಗಿ ನಡೀರಿ, ಅದಕ್ಕ ಬೆನ್ನು ಕೊಟ್ಟು ಮುಂದಕ್ಕ ಓಡ್ರಿ. ಫೋನು ಒಳಗಿಡ್ರಿ, ಓಟ ಮುಗಿಯೋ ತನಕ ನೋಡಬ್ಯಾಡ್ರಿ.

ಪಾಠದಮೇಜು (ದಾವಣಗೆರೆ):

ಹಿರಿಯರು ಹೇಳಿದ್ದಕ್ಕೆ ನಾನು ಕಾಲೇಜಿನಲ್ಲಿ ಹೇಳಿಕೊಡುವ ಮನಶ್ಶಾಸ್ತ್ರದಲ್ಲೂ ಆಧಾರ ಇದೆ. 'ನನ್ನಿಂದ ಆಗುತ್ತೆ' ಅನ್ನೋ ನಂಬಿಕೆ ಎಲ್ಲಿಂದ ಬರುತ್ತೆ ಅಂತ ಆಲ್ಬರ್ಟ್ ಬಂಡೂರ 1977ರಲ್ಲಿ ಬರೆದರು. ನಾವೇ ಮಾಡಿ ಗೆದ್ದ ಅನುಭವ, ನಮ್ಮಂಥವರು ಮಾಡೋದನ್ನ ನೋಡೋದು, ಬೇರೆಯವರ ಮಾತು, ನಮ್ಮ ಮೈಯ ಸೂಚನೆಯನ್ನು ನಾವು ಓದಿಕೊಳ್ಳುವ ರೀತಿ, ಈ ನಾಲ್ಕರಿಂದ. ಎಲ್ಲಕ್ಕಿಂತ ಗಟ್ಟಿ ಮೊದಲನೆಯದು. ನಿಮಗೆ ಶಾಲೆಯಲ್ಲಿ ತಪ್ಪಿಸಿದ್ದು ಅದನ್ನೇ. ಓಡಿ ಸೋತಿದ್ದರೂ ಒಂದು ಲೆಕ್ಕ ಸಿಗ್ತಿತ್ತು, ಓಡೋಕೇ ಬಿಡಲಿಲ್ಲ. ಓದಿ ನನಗೆ ಸಂಕಟವಾಯಿತು.

ಎದೆ ಡವಡವ ಅಂದರೆ ಆಗಲ್ಲ ಅಂತ ಅಲ್ಲ. ಕಾಲಿಗೆ ರಕ್ತ ಬೇಕು, ಹೃದಯ ಕಳಿಸ್ತಿದೆ. ಆದರೆ ಬಾಯಿ ಒಣಗೋ ಅಷ್ಟು ಏದುಸಿರು ಅಂದರೆ ವೇಗ ಜಾಸ್ತಿಯಾಗಿದೆ. ಒಂದು ಪೂರ್ತಿ ವಾಕ್ಯ ತಡೆಯಿಲ್ಲದೆ ಹೇಳೋಕೆ ಬರುವಷ್ಟು ನಿಧಾನಕ್ಕೆ ಓಡಿ. ಪಕ್ಕದಲ್ಲಿ ನಡೆಯೋರು ನಿಮ್ಮನ್ನ ದಾಟಿದರೂ ಪರವಾಗಿಲ್ಲ. ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ, ಹೀಗೆ ಶುರು ಮಾಡಿ ಓಟದ ಪಾಲು ಹೆಚ್ಚಿಸುತ್ತಾ ಹೋಗಿ. ವಾರಕ್ಕೆ ಮೂರು ದಿನ ಸಾಕು.

ಮೈಕಟ್ಟಿನ ಮಾತಿಗೆ: 1990ರಲ್ಲಿ ಅಮೆರಿಕದ ಒಂದು ವೃದ್ಧಾಶ್ರಮದಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಜನಕ್ಕೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಕಾಲಿನ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತು. ನಿಮಗಿನ್ನೂ 42.

ಕೆರೆಏರಿ:

ಎರಡು ಸಲ ಓದಿದೆ. ಹಿಮೋಗ್ಲೋಬಿನ್ 12.3, ಥೈರಾಯ್ಡ್ ಸರಿಯಿದೆ. ಇವತ್ತು ಮರಕ್ಕೆ ಬೆನ್ನು ಕೊಟ್ಟು ಓಡಿದೆ. ನಿಧಾನಕ್ಕೆ, ಗಟ್ಟಿಯಾಗಿ ಮಗ್ಗಿ ಹೇಳ್ತಾ. ಹದಿಮೂರರ ಮಗ್ಗಿ ಮುಗಿಯೋ ಹೊತ್ತಿಗೆ ಸೋತೆ. ಫೋನ್ ತೆಗೆದು ನೋಡಿದರೆ 1.1 ಕಿಲೋಮೀಟರ್. ಅಲ್ಲೇ ಏರಿ ಮೇಲೆ ಕೂತು ಸ್ವಲ್ಪ ಹೊತ್ತು ನೀರು ನೋಡಿದೆ.

ಕೆರೆಏರಿ (ಏಳು ವಾರದ ನಂತರ):

ಐದು ಇನ್ನೂ ಆಗಿಲ್ಲ. ನಿಲ್ಲದೆ 3.4 ಆಗಿದೆ. ಈಗ ಗೇಟಿನಿಂದಲೇ ಶುರು ಮಾಡ್ತೀನಿ. ಮರದ ಹತ್ರ ದನಿ ಈಗಲೂ ಏಳುತ್ತೆ, ಅದು ಮಾತು ಮುಗಿಸೋ ಅಷ್ಟರಲ್ಲಿ ನಾನು ಮರ ದಾಟಿರ್ತೀನಿ. ಹೋದ ವಾರ ಎರಡು ದಿನ ನಿಂತೆ ಕೂಡ. ಕೆಮ್ಮಣ್ಣು ಅಣ್ಣ ಹೇಳಿದ 54 ನೆನಪಾಯ್ತು, ಮೂರನೇ ದಿನ ಹೋದೆ.

ಈಗ ಇನ್ನೊಂದು ಪ್ರಶ್ನೆ. ಎರಡು ದಿನದಿಂದ ಮೊಣಕಾಲಿನ ಕೆಳಗೆ, ಮುಂಗಾಲಿನ ಮೂಳೆ ಉದ್ದಕ್ಕೂ ನೋವು. ಓಡಬಹುದಾ?

ಕೆಮ್ಮಣ್ಣು63:

ಬ್ಯಾಡ. ಇದು ಮನಸ್ಸಿನ ಮಾತಲ್ಲ, ಮೂಳೆ ಮಾತು, ಕೇಳ್ರಿ. ನೋವು ಪೂರಾ ಹೋಗೋ ತನಕ ಓಟ ನಿಲ್ಲಿಸ್ರಿ, ನಡೆದ್ರೂ ನೋವಾದ್ರ ಅದೂ ಬ್ಯಾಡ. ಬೆರಳಿಂದ ಒತ್ತಿದಾಗ ಒಂದೇ ಕಡೆ ಚುಚ್ಚಿದಂಗಾದ್ರ ಮೂಳೆ ಡಾಕ್ಟರಿಗೆ ತೋರಸ್ರಿ. ಬೂಟು ಎಷ್ಟು ಹಳೇದು, ಹೇಳ್ರಿ.