ಸಹಾಯ ಬೇಕು: ನಿರೂಪಕನ ಮಾತು ಎಲ್ಲಿ ಮುಗೀತು, ಪಾತ್ರದ ಮನಸ್ಸು ಎಲ್ಲಿ ಶುರುವಾಯ್ತು?

ಎಲ್ಲರಿಗೂ ನಮಸ್ಕಾರ. ಓದಿದ ಕಾದಂಬರಿಯನ್ನ ಬಿಚ್ಚಿ ನೋಡಿ ಬರವಣಿಗೆ ಕಲಿಯೋಕೆ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಇಟ್ಟುಕೊಂಡಿದ್ದೇವೆ. ಮೊದಲ ಓದಿನಲ್ಲಿ ಪೆನ್ಸಿಲ್ ಮುಟ್ಟೋದಿಲ್ಲ. ಎರಡನೇ ಓದಿಗೆ ಪ್ರತಿ ದೃಶ್ಯಕ್ಕೂ ನಾಲ್ಕು ಸಾಲು: ಯಾರ ಕಣ್ಣಿಂದ ನೋಡ್ತಿದ್ದೇವೆ, ಯಾರಿಗೆ ಏನು ಬೇಕು, ಅಡ್ಡ ಯಾವುದು, ಕೊನೆಗೆ ಏನು ಬದಲಾಯ್ತು. ಹೀಗೆ ಬರೆದರೆ ಒತ್ತಡ ಎಲ್ಲಿಂದ ಬರುತ್ತೆ ಅನ್ನೋದು ಸ್ಪಷ್ಟ. ನಾರಣಪ್ಪನ ಶವಸಂಸ್ಕಾರ ಆಗೋವರೆಗೂ ಅಗ್ರಹಾರದಲ್ಲಿ ಊಟವಿಲ್ಲ, ಹೆಣ ಬೇರೆ ಕೊಳೀತಿದೆ. ಎಂಥಾ ಕಟ್ಟು!

ತೊಡಕಿರೋದು ದೃಷ್ಟಿಕೋನದಲ್ಲಿ. ನಮ್ಮದೇ ಉದಾಹರಣೆ: ‘ಬಸ್ಸು ತಪ್ಪಿತೆಂದು ಅವಳು ಅಂದುಕೊಂಡಳು.’ ಇಲ್ಲಿ ನಿರೂಪಕ ಹೊರಗಿದ್ದಾನೆ. ‘ಅವಳು ಓಡಿ ಬಂದಳು. ಅಯ್ಯೋ, ಇವತ್ತೂ ತಪ್ಪಿತಲ್ಲ!’ ‘ಎಂದು’ ಬಿಟ್ಟ ಕೂಡಲೇ ನಾವು ಅವಳೊಳಗೆ. ‘ಅವಳು’ ಬದಲು ‘ತಾನು’ ಬಂದರೂ ಅಷ್ಟೇ. ಈ ಎರಡು ಗುರುತು ಹಿಡಿದು ಬಣ್ಣದ ಪೆನ್ಸಿಲ್‌ನಲ್ಲಿ ಗೆರೆ ಹಾಕ್ತಾ ಹೋದರೂ, ಕಥಾನಾಯಕ ಪ್ರಾಣೇಶಾಚಾರ್ಯರ ಭಾಗಗಳಲ್ಲಿ ಕೆಲವು ಕಡೆ ಎರಡು ದನಿಯೂ ಕಲಸಿಹೋಗುತ್ತವೆ. ಅಂಥಲ್ಲಿ ಇನ್ಯಾವ ಗುರುತು ಹಿಡಿಯಬೇಕು? ಕ್ರಿಯಾಪದದ ಕಾಲವನ್ನೋ, ‘ಅಲ್ಲವೇ’, ‘ಏನೋ’ ಥರದ ಬಾಲಗಳನ್ನೋ?

ಇನ್ನೊಂದು. ಒಂದು ಪುಟ ಕೈಯಲ್ಲಿ ನಕಲು ಮಾಡಿ, ಅದೇ ವಾಕ್ಯದಳತೆಯಲ್ಲಿ ಬೇರೆ ಸನ್ನಿವೇಶ ಬರೆದರೆ ಲೇಖಕರ ಪದಗಳೇ ಅಂಟಿಕೊಂಡು ಬರ್ತವೆ, ಊರಿನ ಮಾತು ಹಿಂದೆ ಸರಿಯುತ್ತೆ. ಬಹುಶಃ ನಕಲು ಆದ ತಕ್ಷಣ ಬರೆಯೋದೇ ತಪ್ಪು. ಎಷ್ಟು ದಿನ ಬಿಟ್ಟು ಬರೀತೀರಿ? ಪುಟ ಮುಚ್ಚಿಟ್ಟು ಬರೀತೀರಾ, ಎದುರಿಗಿಟ್ಟುಕೊಂಡೋ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.