ಅಮ್ಮನ ಮಂಡಿಗೆ ಮೊದಲು ತೂಕದ ಆಪರೇಶನ್ನಾ? ಮಾಡಿಸಿದವರು ಹೇಳಿ

ಅಮ್ಮನಿಗೆ 58, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 43. ಎರಡೂ ಮಂಡಿ ಸವೆದಿವೆ. ಮೂಳೆ ಡಾಕ್ಟರು "ಮೊದಲು ಬೇರಿಯಾಟ್ರಿಕ್ (ತೂಕ ಇಳಿಸುವ ಆಪರೇಶನ್) ಮಾಡಿಸಿ, ಮಂಡಿ ಆಮೇಲೆ ನೋಡೋಣ" ಅಂದರು. ಎರಡೆರಡು ಆಪರೇಶನ್ ಅಂದರೆ ಅಮ್ಮನಿಗೆ ಭಯ. ಏನು ಮಾಡಲಿ?

ದಾವಣಗೆರೆಯಿಂದ:
ನಮ್ಮ ಅತ್ತೆಗೆ ಸ್ಲೀವ್, ಅಂದರೆ ಹೊಟ್ಟೆ ಚಿಕ್ಕದು ಮಾಡುವ ಆಪರೇಶನ್, ಮಾಡಿಸಿದೆವು. ಶುರುವಿನಲ್ಲಿ ಬರೀ ಬೇಳೆಕಟ್ಟು, ಮಜ್ಜಿಗೆ. ಆಮೇಲೂ ಅರ್ಧ ಇಡ್ಲಿಗೇ ಸಾಕು ಅನ್ನುತ್ತಿದ್ದರು. ತೂಕ ಚೆನ್ನಾಗಿ ಇಳಿಯಿತು. ಎಕ್ಸ್‌ರೇಯಲ್ಲಿ ಸವೆತ ಹಾಗೇ ಇದೆ, ಆದರೆ ನೋವು ಕಮ್ಮಿ. ಮುಂಚೆ ಬಸ್ ಹತ್ತುವಾಗ ಕಂಬಿ ಹಿಡಿದು ಒಂದೇ ಕಾಲು ಮುಂದಿಟ್ಟು ಮೈ ಎಳೆದುಕೊಳ್ಳುತ್ತಿದ್ದರು. ಈಗ ಎರಡೂ ಕಾಲು ಬದಲಿಸಿ ಹತ್ತುತ್ತಾರೆ. ಮಂಡಿ ಆಪರೇಶನ್ ಸದ್ಯಕ್ಕೆ ಬೇಡ ಅಂದಿದ್ದಾರೆ.

ಒಂದು ಮಾತು. ಮಂಡಿ ನೋವಿನವರ ಪರ್ಸಿನಲ್ಲಿ ಡೈಕ್ಲೋಫೆನಾಕ್ ಅನ್ನೋ ನೋವಿನ ಮಾತ್ರೆ ಇದ್ದೇ ಇರುತ್ತದೆ ಅಲ್ವಾ? ತೂಕದ ಆಪರೇಶನ್ ಆದಮೇಲೆ, ಅದರಲ್ಲೂ ಹೊಟ್ಟೆಯ ಬೈಪಾಸ್ (ಹೃದಯದ್ದಲ್ಲ) ಆದರೆ, ಅಂಥ ಮಾತ್ರೆಯಿಂದ ಹೊಟ್ಟೆಯೊಳಗೆ ಹುಣ್ಣಾಗಬಹುದು. ನೋವಿಗೆ ಏನು ಕೊಡುತ್ತೀರಿ ಅಂತ ಮೊದಲೇ ಕೇಳಿ. ಬಿ12, ಕಬ್ಬಿಣ, ಪ್ರೋಟೀನ್ ಬಿಡುವ ಹಾಗಿಲ್ಲ. ರಕ್ತ ಕಮ್ಮಿ ಇದ್ದರೆ ಮುಂದೆ ಮಂಡಿ ಆಪರೇಶನ್‌ಗೂ ತೊಂದರೆ.

ಒಬ್ಬ ಫಿಸಿಯೋಥೆರಪಿಸ್ಟ್:
ಮೆಲ್ಬರ್ನ್‌ನ ಅಧ್ಯಯನವೊಂದು 2022ರಲ್ಲಿ ಬಂತು. ಮಂಡಿ ಬದಲಿಸುವ ಆಪರೇಶನ್‌ಗೆ ಕಾಯುತ್ತಿದ್ದ 82 ಜನ, ಎಲ್ಲರದೂ ಬಿಎಂಐ 35 ಅಥವಾ ಜಾಸ್ತಿ. ಅರ್ಧ ಜನಕ್ಕೆ ಮೊದಲು ಹೊಟ್ಟೆಗೆ ಬ್ಯಾಂಡ್, ಅಂದರೆ ಊಟ ಕಮ್ಮಿ ಹಿಡಿಸುವಂತೆ ಬಿಗಿಯುವ ಪಟ್ಟಿ. ಅವರಲ್ಲಿ ಸುಮಾರು 15% ಜನಕ್ಕೆ ತೊಡಕಾಯಿತು, ಉಳಿದವರಲ್ಲಿ ಸುಮಾರು 37%. ಬ್ಯಾಂಡ್ ಗುಂಪಿನ 12 ಜನ ತೊಂದರೆ ಕಮ್ಮಿಯಾಗಿ ಮಂಡಿ ಆಪರೇಶನ್ನೇ ಬೇಡ ಅಂದರು. ತೊಡಕು ಕಮ್ಮಿ ಕಂಡದ್ದಕ್ಕೆ ಅದೂ ಒಂದು ಕಾರಣ. ಅಧ್ಯಯನ ಚಿಕ್ಕದು, ಬ್ಯಾಂಡ್ ಈಗ ಹಾಕುವುದೇ ಅಪರೂಪ.

ಇನ್ನೊಂದು ಕಡೆ, 2023ರ ಅಮೆರಿಕದ ಮಾರ್ಗಸೂಚಿ ಬರೀ ತೂಕದ ಲೆಕ್ಕಕ್ಕೆ ಕೀಲು ಬದಲಿ ಮುಂದೂಡಬೇಡಿ ಅನ್ನುತ್ತದೆ. ಶುಗರ್ ಹಿಡಿತದಲ್ಲಿಲ್ಲದಿದ್ದರೆ, ಇಲ್ಲವೇ ಬೀಡಿ-ಸಿಗರೇಟು, ತಂಬಾಕಿನ ಅಭ್ಯಾಸ ಇದ್ದರೆ, ಅದನ್ನು ಸರಿಮಾಡಲು ಕಾಯಿರಿ ಅಂತಿದೆ. ಹಾಗಾಗಿ "ತೂಕ ಇಳಿಸಿ ಬನ್ನಿ" ಅಂದರೆ ಸುಮ್ನೆ ಎದ್ದು ಬರಬೇಡಿ. ಯಾವ ಅಪಾಯಕ್ಕೆ ಹೆದರುತ್ತಿದ್ದೀರಿ, ತೂಕದ ಆಪರೇಶನ್ ಆದಮೇಲೆ ಮಂಡಿಗೆ ಎಷ್ಟು ತಿಂಗಳು, ಎರಡನ್ನೂ ಕೇಳಿ. ಅಮ್ಮ ಕೋಲು ಹಿಡಿದೂ ಬಾತ್‌ರೂಮಿಗೆ ಹೋಗಲಾಗದಿದ್ದರೆ ನಾನಾದರೆ ಮಂಡಿಯನ್ನೇ ಮೊದಲು ಮಾಡಿಸುತ್ತಿದ್ದೆ. ಓಡಾಡುತ್ತಿದ್ದರೆ ತೂಕ ಮೊದಲು. ಕಾಯುವಾಗ ತೊಡೆಯ ವ್ಯಾಯಾಮ ನಿಲ್ಲಿಸಬೇಡಿ.

ಮೈಸೂರಿನಿಂದ:
ವಿಮೆ ಇದ್ದರೆ ಪಾಲಿಸಿ ತೆಗೆದು ನೋಡಿ. ಬಿಎಂಐ 40 ದಾಟಿದವರಿಗೆ ಡಾಕ್ಟರ ಸಲಹೆ ಇದ್ದರೆ ತೂಕದ ಆಪರೇಶನ್‌ಗೂ ಸಿಗಬಹುದು. ಎರಡಕ್ಕೂ ಕಾಯುವ ಅವಧಿ ಬೇರೆ ಬೇರೆ ಇರಬಹುದು. ಒಪ್ಪಿಗೆಯನ್ನು ಬರಹದಲ್ಲಿ ತಗೊಂಡೇ ಅಡ್ಮಿಟ್ ಮಾಡಿ.