ಖಾಲಿ ಅನ್ನುವ ಸುಳ್ಳು, ಫುಲ್ ಅನ್ನುವ ಸುಳ್ಳು

ಹಳೇ ಕ್ಯಾಂಪರ್ ವ್ಯಾನ್, ಅಂದರೆ ಒಳಗೇ ಅಡುಗೆ ಮಾಡಿ ಮಲಗುವ ಗಾಡಿ, ಇಟ್ಟುಕೊಂಡವರು ನಾಲ್ಕು ಜನ ಒಂದು ಕಡೆ ಸೇರಿದರೆ, ಮಾತು ಎಂಜಿನ್ನಿಂದ ಶುರುವಾದರೂ ಕೊನೆಗೆ ಬಂದು ನಿಲ್ಲುವುದು ಪೆಟ್ರೋಲ್ ಮುಳ್ಳಿನ ಹತ್ತಿರವೇ. ನಮ್ಮ ಗುಂಪಿನ ಈ ಸಲದ ತಕರಾರು ಇಷ್ಟೇ. ಫ್ಯೂಯಲ್ ಗೇಜ್ ಹೇಗೂ ಸುಳ್ಳು ಹೇಳುತ್ತದೆ, ಅದರಲ್ಲಿ ಯಾವ ಸುಳ್ಳು ವಾಸಿ? ಯಾವಾಗಲೂ ಖಾಲಿ ಅನ್ನುವುದೋ, ಯಾವಾಗಲೂ ಫುಲ್ ಅನ್ನುವುದೋ?

"ಖಾಲಿ ಅನ್ನುವುದೇ ವಾಸಿ," ಅಂದ ನಮ್ಮಲ್ಲಿ ತುಂಬಾ ಹುಷಾರಾದವನು. "ಕಂಡ ಕಂಡ ಬಂಕಿಗೆಲ್ಲ ಗಾಡಿ ನುಗ್ಗಿಸುತ್ತೇನೆ. ದಾರಿಯಲ್ಲಿ ನಿಲ್ಲುವ ಮಾತೇ ಇಲ್ಲ."

"ಅದೆಲ್ಲ ಶುರುವಿನಲ್ಲಿ," ಅಂದೆ ನಾನು. "ಖಾಲಿ ಖಾಲಿ ಅಂತ ವರ್ಷಗಟ್ಟಲೆ ಬಡಕೊಂಡರೆ ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ? ನಿಜವಾಗಿ ಖಾಲಿಯಾದ ದಿನ ಮುಳ್ಳು ಪಾಪ ಸತ್ಯವನ್ನೇ ಹೇಳಿರುತ್ತದೆ, ನೀನು ನಂಬಿರುವುದಿಲ್ಲ."

"ನನ್ನದು ಸದಾ ಫುಲ್. ಮನೆಯವರೆಲ್ಲ ಹಿಂದಿನ ಸೀಟಿನಲ್ಲಿ ನಿಶ್ಚಿಂತೆಯಾಗಿ ನಿದ್ದೆ ಮಾಡುತ್ತಾರೆ," ಅಂದ ಇನ್ನೊಬ್ಬ.

"ಎಂಜಿನ್ನೂ ಮಾಡುತ್ತದೆ, ನಡುರಸ್ತೆಯಲ್ಲಿ."

ಅಷ್ಟರಲ್ಲಿ ನಮ್ಮ ಮಲ್ಟಿಮೀಟರ್ ಮಹಾಶಯ ಗಂಟಲು ಸರಿಮಾಡಿಕೊಂಡ. ಇವನು ಎಲ್ಲಿ ಹೋದರೂ ಕರೆಂಟ್ ಪರೀಕ್ಷೆ ಮಾಡುವ ಆ ಮೀಟರ್ ಜೇಬಿನಲ್ಲೇ ಇರುತ್ತದೆ. "ಆ ಮುಳ್ಳು ಪೆಟ್ರೋಲ್ ಅಳೆಯುತ್ತದೆ ಅಂತ ನಿಮಗೆ ಹೇಳಿದವರು ಯಾರು? ಅದು ಅಳೆಯೋದು ತಂತಿಯಲ್ಲಿ ಎಷ್ಟು ಕರೆಂಟ್ ಹರಿಯುತ್ತಿದೆ ಅಂತ ಅಷ್ಟೇ. ಟ್ಯಾಂಕಿನೊಳಗೆ ಸೆಂಡರ್ ಅಂತ ಒಂದಿದೆ. ಮನೆ ಮೇಲಿನ ನೀರಿನ ಟ್ಯಾಂಕಿನಲ್ಲಿ ತೇಲುವ ಬಾಲ್ ಇರುತ್ತದಲ್ಲ, ಅದರ ತಮ್ಮ. ತೇಲುವ ಬುರುಡೆ ಮೇಲೆ ಕೆಳಗೆ ಆಡಿದ ಹಾಗೆ ತಂತಿಯ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಹೆಚ್ಚು ಕಡಿಮೆ ಆಗುತ್ತದೆ. ಅದರ ಅಳತೆ ಓಮ್. ಹಳೇ ಫೋಕ್ಸ್‌ವ್ಯಾಗನ್ ಬಸ್ಸಿನಲ್ಲಿ ಟ್ಯಾಂಕ್ ತುಂಬಿದ್ದರೆ ಸುಮಾರು 10 ಓಮ್, ಖಾಲಿಯಾದರೆ 73ರ ಹತ್ತಿರ. ತಂತಿ ಎಲ್ಲೋ ತುಂಡಾಯಿತು ಅಂದರೆ ಗೇಜಿನ ಲೆಕ್ಕದಲ್ಲಿ ಖಾಲಿ. ತಂತಿಯ ಸಿಪ್ಪೆ ಸುಲಿದು ಗಾಡಿಯ ತಗಡಿಗೆ ತಾಗಿತು ಅಂದರೆ ಫುಲ್."

"ಅಂದರೆ ನನ್ನ ವ್ಯಾನಿನಲ್ಲಿ ತಂತಿ ತಗಡಿಗೆ ತಾಗಿದೆ," ಅಂದ ಫುಲ್ ಸಾಹೇಬ, ಗೆದ್ದವರ ಧಾಟಿಯಲ್ಲಿ.

"ನಿನ್ನದು ಅಮೆರಿಕದ ವ್ಯಾನ್ ಅಲ್ವಾ? ಜನರಲ್ ಮೋಟರ್ಸ್‌ನವರದು ಉಲ್ಟಾ. ಖಾಲಿಗೆ 0, ಫುಲ್ ಆದರೆ 90. ಅದರಲ್ಲಿ ತಂತಿ ತುಂಡಾದರೆ ಮುಳ್ಳು ಫುಲ್ ದಾಟಿ ಹೋಗಿ ಕೂರುತ್ತದೆ. ನಿನ್ನದು ತಾಗಿಲ್ಲ, ತುಂಡಾಗಿದೆ."

ಈ ವಿಷಯ ಕೇಳಿ ಎಲ್ಲರಿಗೂ ಖುಷಿಯಾಯಿತು. ಒಂದೇ ರೋಗ, ಎರಡು ದೇಶದ ಗಾಡಿಯಲ್ಲಿ ಎರಡು ಥರದ ಸುಳ್ಳು! ಇದನ್ನು ಗೊತ್ತಿಲ್ಲದೆ ಒಂದು ಜಾತಿಯ ಗೇಜಿಗೆ ಇನ್ನೊಂದು ಜಾತಿಯ ಸೆಂಡರ್ ಹಾಕಿದರೆ ಏನಾಗುತ್ತದೆ ಅಂತ ಯೋಚಿಸಿ. ಬಂಕಿನಲ್ಲಿ ತುಂಬಿಸಿದಷ್ಟೂ ಮುಳ್ಳು ಇಳಿಯುತ್ತದೆ, ಓಡಿಸಿದಷ್ಟೂ ಏರುತ್ತದೆ. ಜಗತ್ತಿನಲ್ಲಿ ಇಂಧನ ಉತ್ಪಾದನೆ ಮಾಡುವ ಒಂದೇ ಒಂದು ವ್ಯಾನ್. ಅದಕ್ಕೆ ಡೀಸೆಲ್ ವ್ಯಾನಿನ ಗೆಳೆಯ, "ಮಾರಬೇಡ, ರಿಫೈನರಿ ಅಂತ ಲೈಸೆನ್ಸ್ ತಗೋ," ಅಂದ.

ಆದರೆ ನನ್ನ ಪ್ರಕಾರ ಹತ್ತರಲ್ಲಿ ಎಂಟು ಸಲ ತಪ್ಪು ಸೆಂಡರಿನದೂ ಅಲ್ಲ, ಗೇಜಿನದೂ ಅಲ್ಲ, ಅರ್ಥಿಂಗಿನದು. ಸೆಂಡರಿನಿಂದ ತಗಡಿಗೆ ಹೋಗುವ ಆ ಒಂದು ಚೋಟುದ್ದದ ತಂತಿ, ಅದರ ತುದಿಯ ರಿಂಗು, ರಿಂಗಿನ ಕೆಳಗಿನ ತುಕ್ಕು. ವ್ಯಾನಿಗೆ ಹೊಸ ಬಣ್ಣ ಹೊಡೆಸುತ್ತಾರಲ್ಲ, ಫೋಟೋಗೆ ಚೆನ್ನಾಗಿ ಕಾಣಲಿ ಅಂತ, ರಿಂಗಿಗೂ ತಗಡಿಗೂ ನಡುವೆ ಆ ಬಣ್ಣ ಹೋಗಿ ಕೂರುತ್ತದೆ. ಆಮೇಲೆ ಗಾಡಿ ಮಿರಮಿರ, ಫೋಕ್ಸ್‌ವ್ಯಾಗನ್ ಜಾತಿಯದಾದರೆ ಮುಳ್ಳು ಮಾತ್ರ ನೆಲಕಚ್ಚಿದೆ. ಇಂಡಿಕೇಟರ್ ಹಾಕಿದಾಗ ಪೆಟ್ರೋಲ್ ಮುಳ್ಳೂ ತಾಳ ಹಾಕಿದರೆ, ಎಲ್ಲ ಬಿಟ್ಟು ಮೊದಲು ಅರ್ಥಿಂಗ್ ನೋಡಿ. ಸ್ವಲ್ಪ ಸ್ಯಾಂಡ್‌ಪೇಪರ್ ಸಾಕು. ಆದರೆ ಜನ ಮೊದಲು ಹೊಸ ಸೆಂಡರ್ ತರುತ್ತಾರೆ, ಆಮೇಲೆ ಹೊಸ ಗೇಜ್, ಆಮೇಲೆ ಹೊಸ ಮೆಕ್ಯಾನಿಕ್.

ಸೆಂಡರ್ ಕೆಡುವುದೇ ಇಲ್ಲ ಅಂತಲ್ಲ. ಬಿಚ್ಚಿ ಕೈಯಲ್ಲಿ ಹಿಡಿದರೆ ಗೊತ್ತಾಗುತ್ತದೆ. ತೇಲುವ ಬುರುಡೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಗುಳುಗುಳು ಅಂದರೆ ತೂತು ಬಿದ್ದಿದೆ, ಪೆಟ್ರೋಲ್ ಕುಡಿದು ಭಾರವಾಗಿ ಮುಳುಗಿದೆ, ಟ್ಯಾಂಕ್ ತುಂಬಿದ್ದರೂ ಅದು ತಳದಲ್ಲೇ ಬಿದ್ದಿರುತ್ತದೆ. ಕೂದಲಿನಷ್ಟು ತೆಳ್ಳಗಿನ ತಂತಿ ಸುತ್ತಿದ ಪಟ್ಟಿಯನ್ನೂ ನೋಡಿ. ನಾವು ಜಾಸ್ತಿ ಓಡಾಡುವ ಮಟ್ಟದಲ್ಲೇ ಉಜ್ಜಿ ಉಜ್ಜಿ ಹೊಳೆಯುತ್ತಿರುತ್ತದೆ, ಒಂದೆರಡು ಎಳೆ ಹರಿದಿರುತ್ತದೆ. ಅರ್ಧ ಟ್ಯಾಂಕಿಗೆ ಬಂದಾಗ ಮುಳ್ಳು ದಿಢೀರನೆ ಬಿದ್ದು ಮತ್ತೆ ಎದ್ದು ಕೂರುವುದು ಅಲ್ಲೇ.

"ಬಿಚ್ಚಿ ಕೈಯಲ್ಲಿ ಹಿಡಿದರೆ ಅಂತೀಯಲ್ಲ, ಬಿಚ್ಚೋದು ಹೇಗೆ?" ಅಂತ ಬೇ ವಿಂಡೋ ಗೆಳೆಯ, ಅಂದರೆ ಮುಂದೆ ಒಂದೇ ದೊಡ್ಡ ಬಾಗಿದ ಗಾಜಿರುವ ಫೋಕ್ಸ್‌ವ್ಯಾಗನ್ ಬಸ್ಸಿನವನು, ಕೂಗಿದ. ಅವನ ಕೂಗು ನ್ಯಾಯವೇ. 1967ರಲ್ಲಿ ಬಂದ ಆ ಮಾಡೆಲ್ಲಿನಲ್ಲಿ ಟ್ಯಾಂಕ್ ಇರುವುದು ಹಿಂದುಗಡೆ, ಎಂಜಿನ್ನಿನ ಗೋಡೆಯ ಆಚೆ. ಶುರುವಿನ ವರ್ಷಗಳ ಗಾಡಿಯಾದರೆ ಟ್ಯಾಂಕ್ ಹೊರಗೆ ತೆಗೆಯಲು ಮೊದಲು ಎಂಜಿನ್ ಇಳಿಸಬೇಕು. ಒಂದು ಮುಳ್ಳಿನ ಸುಳ್ಳು ಹಿಡಿಯಲು ಇಡೀ ಎಂಜಿನ್! ಬೇಸತ್ತವರು ಮೇಲಿನ ತಗಡು ಕೊಯ್ದು ಸಣ್ಣ ಬಾಗಿಲು ಮಾಡಿಕೊಂಡಿದ್ದಾರೆ. ಪೆಟ್ರೋಲ್ ಟ್ಯಾಂಕಿನ ನೆತ್ತಿಯ ಮೇಲೆ ಕಿಡಿ ಹಾರಿಸುವ ಮಿಷನ್ ಹಿಡಿಯುವ ಧೈರ್ಯ ನನಗಂತೂ ಇಲ್ಲ.

ಡೀಸೆಲ್ ಗೆಳೆಯನ ಗೋಳೇ ಬೇರೆ. ಅವನ ವ್ಯಾನಿನಲ್ಲಿ ಡೀಸೆಲ್ ಮುಳ್ಳೂ ಏರಿದೆ, ಟೆಂಪರೇಚರ್ ಮುಳ್ಳೂ ಏರಿದೆ. "ಟ್ಯಾಂಕ್ ಫುಲ್, ಎಂಜಿನ್ನಿಗೆ ಜ್ವರ," ಅಂತ ಅವನು ರೇಡಿಯೇಟರ್ ಬದಲಾಯಿಸಲು ಹೊರಟಿದ್ದ. ಮಲ್ಟಿಮೀಟರ್ ಮಹಾಶಯ ತಡೆದ. ಎಷ್ಟೋ ಹಳೇ ಗಾಡಿಗಳಲ್ಲಿ ಎರಡು ಮುಳ್ಳಿಗೂ ಸೇರಿ ಒಂದೇ ವೋಲ್ಟೇಜ್ ಸ್ಟೆಬಿಲೈಸರ್ ಇರುತ್ತದೆ, ಬ್ಯಾಟರಿಯ 12 ಚಿಲ್ಲರೆ ವೋಲ್ಟನ್ನು 10ಕ್ಕೆ ಇಳಿಸಿ ಕೊಡುವುದು ಅದರ ಕೆಲಸ. ಅದು ಕೈಕೊಟ್ಟು ಪೂರ್ತಿ ವೋಲ್ಟೇಜ್ ಹಾಗೇ ಬಿಟ್ಟರೆ ಎರಡೂ ಒಟ್ಟಿಗೆ ಏರುತ್ತವೆ. ಹೆಬ್ಬೆರಳಿನಷ್ಟು ಸಾಮಾನು. ಡೀಸೆಲ್ ಗಾಡಿಯಲ್ಲಿ ಈ ಸುಳ್ಳು ದುಬಾರಿ, ಯಾಕೆಂದರೆ ಒಮ್ಮೆ ಪೂರ್ತಿ ಬರಿದಾದರೆ ತುಂಬಿಸಿದ ತಕ್ಷಣ ಅದು ಹೊರಡುವುದಿಲ್ಲ, ಪೈಪಿನೊಳಗೆ ಸೇರಿದ ಗಾಳಿಯನ್ನೆಲ್ಲ ರಸ್ತೆ ಬದಿಯಲ್ಲಿ ಕೂತು ಹೊರಗೆ ಹಾಕಬೇಕು.

ಇನ್ನು ಕೆಲವು ಸುಳ್ಳು ಮುಳ್ಳಿನದಲ್ಲ, ನಿಲ್ಲಿಸಿದ ಜಾಗದ್ದು. ಇಳಿಜಾರಿನಲ್ಲಿ ಬಿಡಾರ ಹೂಡಿ, ಮಲಗಿದವರು ಉರುಳದಿರಲಿ ಅಂತ ಚಕ್ರದ ಕೆಳಗೆ ಒಂದು ಕಡೆ ಹಲಗೆ ಕೊಟ್ಟರೂ ಗಾಡಿ ಒಂಚೂರು ವಾಲಿಯೇ ಇರುತ್ತದೆ, ಟ್ಯಾಂಕಿನ ಪೆಟ್ರೋಲೂ ಜರುಗಿರುತ್ತದೆ. ರಾತ್ರಿ ಕಾಲು ಭಾಗ ಇದ್ದದ್ದು ಬೆಳಗ್ಗೆ ಅರ್ಧ. ಎಲ್ಲರಿಗೂ ಸಂತೋಷ, ಸಮತಟ್ಟು ರಸ್ತೆಗೆ ಬರುವವರೆಗೆ.

"ಗೇಜೇ ಇಲ್ಲದಿದ್ದ ಕಾಲ ಚೆನ್ನಾಗಿತ್ತು," ಅಂದ ಹುಷಾರಿನವನು. ಇದ್ದಿದ್ದು ನಿಜ. 1950ರಲ್ಲಿ ಬಂದ ಮೊದಲ ಫೋಕ್ಸ್‌ವ್ಯಾಗನ್ ಬಸ್ಸಿನಲ್ಲಿ ಪೆಟ್ರೋಲ್ ಮುಳ್ಳೇ ಇರಲಿಲ್ಲ. ಎಂಜಿನ್ ಕೆಮ್ಮಿದಾಗ ರಿಸರ್ವ್ ತಿರುಗಿಸಿಕೊಂಡು ಬಂಕ್ ಹುಡುಕುವುದು. ತುಂಬಿಸಿದ ಮೇಲೆ ಅದನ್ನು ವಾಪಸ್ ತಿರುಗಿಸಲು ಮರೆತರೆ ಮುಂದಿನ ಸಲ ಕೆಮ್ಮೇ ಕೊನೆಯ ಕೆಮ್ಮು.

"ಹಾಗಾದರೆ ಕಿಲೋಮೀಟರ್ ಲೆಕ್ಕ ಇಡೋಣ. ಫುಲ್ ಮಾಡಿಸು, ಮೀಟರ್ ಬರೆದುಕೋ, ಮತ್ತೆ ಫುಲ್ ಮಾಡಿಸು, ಭಾಗಿಸು." ಇದು ನನ್ನ ಸಲಹೆ, ಈಗಲೂ ಇದಕ್ಕೇ ಅಂಟಿಕೊಂಡಿದ್ದೇನೆ.

"ನನ್ನ ಕಿಲೋಮೀಟರ್ ಮೀಟರ್ ತಿರುಗೋದೇ ಇಲ್ಲ, ಒಳಗಿನ ಪ್ಲಾಸ್ಟಿಕ್ ಹಲ್ಲು ಉದುರಿದೆ," ಅಂದ ಬೇ ವಿಂಡೋ.

"ವೇಬ್ರಿಡ್ಜ್ ಮೇಲೆ ನಿಲ್ಲಿಸು. ಪೆಟ್ರೋಲ್ ಲೀಟರಿಗೆ ಮುಕ್ಕಾಲು ಕಿಲೋ."

"ಹೆಂಡತಿ ನೀರಿನ ಟ್ಯಾಂಕ್ ತುಂಬಿಸಿದರೆ?"

"ಅದಕ್ಕೂ ಗೇಜ್ ಇದೆಯಲ್ಲ."

ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಕ್ಯಾಂಪರಿನಲ್ಲಿ ಪೆಟ್ರೋಲ್ ಗೇಜೇ ಎಷ್ಟೋ ಪ್ರಾಮಾಣಿಕ. ಟಾಯ್ಲೆಟ್ ಟ್ಯಾಂಕಿನ ಗೇಜ್ ನೋಡಿ, ಒಳಗಿನ ಕಡ್ಡಿಗಳಿಗೆ ಏನೋ ಮೆತ್ತಿಕೊಂಡು, ಬರಿದು ಮಾಡಿ ತೊಳೆದು ಬಂದ ಮೇಲೂ ಮುಕ್ಕಾಲು ಅಂತಲೇ ಉರಿಯುತ್ತದೆ. ಅದನ್ನು ಸುಳ್ಳು ಅಂತ ಸಾಬೀತು ಮಾಡಲು ಕಡ್ಡಿ ಇಳಿಬಿಡುವವರು ಯಾರು?

ಕೊನೆಗೆ ಹೊರಡುವ ಮಾತು ಬಂತು. ಯಾರ ವ್ಯಾನ್ ಮುಂದೆ, ಯಾರದು ಹಿಂದೆ?

"ಪೆಟ್ರೋಲ್ ಕ್ಯಾನ್ ಇರುವವನು ಎಲ್ಲರಿಗಿಂತ ಹಿಂದೆ ಬರಲಿ," ಅಂದೆ. "ಕ್ಯಾನ್ ಮಾತ್ರ ಒಲೆ ಪಕ್ಕ ಇಡಬೇಡ ಮಾರಾಯ, ಹೊರಗೆ ಕಟ್ಟು."

"ಅವನ ಗೇಜ್ ಸರಿ ಇದೆಯಾ?"

"ಸರಿ ಇದ್ದಿದ್ದರೆ ಅವನ ಹತ್ತಿರ ಕ್ಯಾನ್ ಯಾಕಿರುತ್ತಿತ್ತು?"